ಸ್ಪೀಕರ್‌ಫೋನ್ ಕೀರಲು: ಮೈಕಿನ ಗೇನ್ ಹೊಂದಿಸುವ ಬಗೆ

ರೈತರನ್ನೋ ವೈದ್ಯರನ್ನೋ ಸ್ಪೀಕರ್‌ಫೋನ್ ಮೂಲಕ ಮಕ್ಕಳೊಡನೆ ಮಾತನಾಡಿಸುವುದು ಬೋಧನಾಭ್ಯಾಸದಲ್ಲಿ ಉಪಯುಕ್ತ ಚಟುವಟಿಕೆ. ಆದರೆ ಸಂವಾದದ ನಡುವೆ ಕೀರಲು ಸದ್ದು ಎದ್ದರೆ ಮಕ್ಕಳ ಗಮನ ಚೆದುರುತ್ತದೆ. ಗಾಬರಿಯಲ್ಲಿ ಕರೆ ಕಡಿದರೆ ಪಾಠದ ಎಳೆಯೇ ತಪ್ಪುತ್ತದೆ. ಕಾರಣ ಗೊತ್ತಿದ್ದರೆ ಪರಿಹಾರ ಸುಲಭ.

ಕಾರಣ

ನಮ್ಮ ಮೈಕ್ ಹಿಡಿದ ದನಿ ಆಚೆ ತುದಿಯ ಸ್ಪೀಕರಿನಲ್ಲಿ ಹೊರಬರುತ್ತದೆ. ಅಲ್ಲಿನ ಮೈಕ್ ಅದನ್ನೂ ಹಿಡಿದು ನಮ್ಮ ಸ್ಪೀಕರಿಗೆ ಮರಳಿಸುತ್ತದೆ. ನಮ್ಮ ಮೈಕ್ ಅದನ್ನು ಮತ್ತೆ ಹಿಡಿಯುತ್ತದೆ. ಒಂದೊಂದು ಸುತ್ತಿಗೂ ಶಬ್ದದ ಪಾರ ಅರ್ಧವಾಗುತ್ತಿದ್ದರೆ 1, 0.5, 0.25 ಎಂದು ಇಳಿದು ಅಡಗುತ್ತದೆ. 1.2 ಪಟ್ಟಾಗುತ್ತಿದ್ದರೆ ನಾಲ್ಕೇ ಸುತ್ತಿನಲ್ಲಿ ಎರಡು ಪಟ್ಟನ್ನು ಮೀರುತ್ತದೆ. ಈ ಸುತ್ತಿನಲ್ಲಿ ಹೆಚ್ಚು ಬಲ ಪಡೆಯುವ ಆವೃತ್ತಿಯೇ ಬೆಳೆದು ಕೀರಲಾಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಿಂದ ಇದನ್ನು ಲಾರ್ಸೆನ್ ಪರಿಣಾಮ ಎನ್ನುತ್ತಾರೆ.

ಇಂದಿನ ಫೋನುಗಳು ಮರಳಿ ಬರುವ ದನಿಯನ್ನು ಬಹುಮಟ್ಟಿಗೆ ತಾವೇ ಅಳಿಸುತ್ತವೆ. ಆದರೂ ಅದೇ ಕೋಣೆಯಲ್ಲಿ ಇನ್ನೊಂದು ಫೋನ್ ಅದೇ ಕರೆಗೆ ಸೇರಿದರೆ ತೊಂದರೆ ಏಳಬಹುದು.

ಗೇನ್ ಮತ್ತು ದೂರ

ಮೈಕ್ ಹಿಡಿದ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದೇ ಗೇನ್. ಸ್ಪೀಕರಿನ ವಾಲ್ಯೂಮ್ ಅರ್ಧ ಮಾಡಿದರೂ ಮೈಕಿನ ಗೇನ್ ಅರ್ಧ ಮಾಡಿದರೂ ಸುತ್ತು ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. ಆದರೆ ವಾಲ್ಯೂಮ್ ತಗ್ಗಿಸಿದರೆ ಹಿಂದಿನ ಬೆಂಚಿಗೆ ಅತಿಥಿಯ ಮಾತು ಕೇಳಿಸದು. ಗೇನ್ ತಗ್ಗಿಸಿದರೆ ಮಗುವಿನ ಪ್ರಶ್ನೆ ಅತಿಥಿಗೆ ಮುಟ್ಟದು.

ಇದಕ್ಕೆ ಉಪಾಯ ದೂರದಲ್ಲಿದೆ. ಬಾಯಿಂದ 60 ಸೆಂ.ಮೀ. ದೂರದ ಮೈಕನ್ನು 15 ಸೆಂ.ಮೀ.ಗೆ ತಂದರೆ ಅದಕ್ಕೆ ತಲುಪುವ ದನಿಯ ಪಾರ ಸುಮಾರು ನಾಲ್ಕು ಪಟ್ಟಾಗುತ್ತದೆ. ಆಗ ಗೇನನ್ನು ಕಾಲು ಭಾಗಕ್ಕೆ ಇಳಿಸಬಹುದು. ಮಗುವಿನ ದನಿ ಮೊದಲಿನಷ್ಟೇ ಇರುತ್ತದೆ, ಸುತ್ತು ಮಾತ್ರ ಕಾಲು ಭಾಗವಾಗುತ್ತದೆ.

ಅನುಸರಿಸಬೇಕಾದ ಕ್ರಮ

1. ಅದೇ ಕರೆಗೆ ಸೇರಿರುವ ಕೋಣೆಯ ಇತರ ಫೋನುಗಳ ಮೈಕ್, ಸ್ಪೀಕರ್ ಎರಡನ್ನೂ ಮುಚ್ಚಿ.
2. ನಿಮ್ಮ ದನಿ ನಿಮಗೇ ಮರಳಿ ಕೇಳಿಸಿದರೆ ಸಾಮಾನ್ಯವಾಗಿ ತೊಂದರೆ ಆಚೆ ತುದಿಯಲ್ಲಿದೆ. ಅತಿಥಿಗೆ ಅವರದೇ ದನಿ ಕೇಳಿಸಿದರೆ ನಿಮ್ಮ ತುದಿಯಲ್ಲಿದೆ.
3. ಹಿಂದಿನ ಬೆಂಚಿಗೆ ಕೇಳುವಷ್ಟು ವಾಲ್ಯೂಮ್ ಇಡಿ. ಆಮೇಲೆ ಮೈಕಿನ ಗೇನನ್ನು ಕೀರಲು ನಿಲ್ಲುವವರೆಗೆ ಇಳಿಸಿ, ಅಲ್ಲಿಂದ ಇನ್ನೂ ಸ್ವಲ್ಪ ಇಳಿಸಿ.
4. ಕಂಪ್ಯೂಟರಿನಲ್ಲಿ ಮೈಕ್ ಮಟ್ಟವನ್ನು ತಾನೇ ಏರಿಸುವ ಸೌಲಭ್ಯವಿದ್ದರೆ ನಿಲ್ಲಿಸಿ. ಇಲ್ಲವಾದರೆ ನೀವು ಇಳಿಸಿದ್ದನ್ನು ಅದು ಮತ್ತೆ ಏರಿಸುತ್ತದೆ.
5. ಗೇನ್ ಹೊಂದಿಸಲು ಬಾರದ ಫೋನಾದರೆ ವಾಲ್ಯೂಮ್ ತುಸು ತಗ್ಗಿಸಿ, ಪ್ರಶ್ನೆ ಕೇಳುವ ಮಗುವಿನ ಬಳಿಗೇ ಫೋನ್ ಒಯ್ಯಿರಿ.

ಐದನೆಯ ಅಂಶ ತಾಂತ್ರಿಕವಷ್ಟೇ ಅಲ್ಲ. ಫೋನ್ ಮೇಜಿನ ಮೇಲೆಯೇ ಇದ್ದರೆ ಮುಂದಿನ ಸಾಲಿನವರಷ್ಟೇ ಮಾತನಾಡುತ್ತಾರೆ. ಮೆಲುದನಿಯ ಮಗುವಿಗೂ ಸಂವಾದದಲ್ಲಿ ಪಾಲು ಸಿಗಬೇಕಾದರೆ ಫೋನ್ ತರಗತಿಯೊಳಗೆ ಓಡಾಡಬೇಕು.

ಪಾಠವಾಗಿ

ಪ್ರೌಢಶಾಲೆಯ ಶಬ್ದ ಪಾಠದಲ್ಲಿ ಪಾರ, ಆವೃತ್ತಿ, ಪ್ರತಿಫಲನ ಕಲಿಸುವಾಗ ಇದನ್ನೇ ಉದಾಹರಣೆಯಾಗಿ ಬಳಸಿ. ಮೇಲಿನ ಎರಡು ಸರಣಿಗಳನ್ನು ಹಲಗೆಯ ಮೇಲೆ ಬರೆಸಿ, ‘ಪ್ರತಿ ಸುತ್ತಿಗೂ ಸರಿಯಾಗಿ 1 ಪಟ್ಟು ಆದರೆ ಏನಾಗುತ್ತದೆ?’ ಎಂದು ಕೇಳಿ. ಸದ್ದು ಬೆಳೆಯದೆ, ಅಡಗದೆ ಹಾಗೆಯೇ ಉಳಿಯುತ್ತದೆ ಎಂದು ಮಕ್ಕಳೇ ಕಂಡುಕೊಂಡರೆ ಗೇನನ್ನು ಏಕೆ ಇಳಿಸಬೇಕೆಂಬುದು ಅವರಿಗೆ ತಿಳಿದಂತೆಯೇ.