ಲಕ್ಷ್ಮಣಫಲ, ದಾಳಿಂಬೆ ಮತ್ತು ಸ್ತನ ಕ್ಯಾನ್ಸರ್: ಗಾಜಿನ ತಟ್ಟೆಯಿಂದ ರೋಗಿಯವರೆಗೆ ಎಷ್ಟು ದೂರ?

"ಲಕ್ಷ್ಮಣಫಲ ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ" ಎನ್ನುವ ವಾಟ್ಸಾಪ್ ಸಂದೇಶ ನಮ್ಮಲ್ಲಿ ಯಾರಿಗೆ ಬಂದಿಲ್ಲ? ಅದರ ಹಿಂದೆಯೇ ದಾಳಿಂಬೆ ಸಿಪ್ಪೆಯ ಕಷಾಯ, ಪುನರ್ಪುಳಿ ಸಾರ, ನೇರಳೆ ಬೀಜದ ಪುಡಿ ಬರುತ್ತವೆ. ಆರೋಗ್ಯವಾಗಿರುವವರು ನೋಡಿ ಮುಂದೆ ಹೋಗುತ್ತಾರೆ. ಮನೆಯಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದಿದ್ದರೆ ಹಾಗಾಗುವುದಿಲ್ಲ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಚಿಕಿತ್ಸೆಗೆಂದು ಪುಣೆಗೆ ಬಂದು ಮಕ್ಕಳ ಫ್ಲ್ಯಾಟಿನಲ್ಲಿ ಉಳಿಯುವ ಅಮ್ಮಂದಿರ ಚೀಲದಲ್ಲಿ ಇಂಥದೊಂದು ಬಾಟಲಿ ಇದ್ದೇ ಇರುತ್ತದೆ. ಹಾಗಾಗಿ ಹಣ್ಣಿನ ಸಾರಗಳ ಬಗ್ಗೆ ವಿಜ್ಞಾನಕ್ಕೆ ಏನು ಗೊತ್ತಿದೆ ಎಂದು ನೋಡುವುದು ಒಳ್ಳೆಯದು.

ಪುಣೆಯಲ್ಲೇ ಇರುವ ಕೋಶ ಭಂಡಾರ

ಈ ಕಥೆಯ ಒಂದು ಮುಖ್ಯ ಕೊಂಡಿ ನಮ್ಮ ಊರಲ್ಲೇ ಇದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಸಿಎಸ್, ದೇಶದ ಪ್ರಯೋಗಾಲಯಗಳಿಗೆ ಜೀವಕೋಶಗಳನ್ನು ಬೆಳೆಸಿ ಕೊಡುವ ಭಂಡಾರ. ಹಣ್ಣಿನ ಸಾರಗಳ ಬಗ್ಗೆ ಭಾರತದಲ್ಲಿ ಪ್ರಕಟವಾದ ಪ್ರಬಂಧಗಳನ್ನು ತೆರೆದರೆ "ಎಂಸಿಎಫ್-7 ಕೋಶಗಳನ್ನು ಪುಣೆಯ ಎನ್‌ಸಿಸಿಎಸ್‌ನಿಂದ ಪಡೆಯಲಾಯಿತು" ಎಂಬ ಅರ್ಥದ ಸಾಲು ಮತ್ತೆ ಮತ್ತೆ ಸಿಗುತ್ತದೆ.

ಎಂಸಿಎಫ್ ಎಂದರೆ ಮಿಶಿಗನ್ ಕ್ಯಾನ್ಸರ್ ಫೌಂಡೇಶನ್. ಸ್ತನ ಕ್ಯಾನ್ಸರ್‌ನಿಂದ 1970ರಲ್ಲಿ ತೀರಿಕೊಂಡ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದ ಆ ಕೋಶಗಳ ಬಗ್ಗೆ 1973ರಲ್ಲಿ ಪ್ರಬಂಧ ಬಂತು. ಅವು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ.

ಪ್ರಯೋಗ ಸರಳ. ಈ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಹಣ್ಣಿನ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಎಷ್ಟು ಕೋಶ ಸತ್ತವು ಎಂದು ಅಳೆಯುತ್ತಾರೆ. ಬಹಳಷ್ಟು ಸಾರಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಆದರೆ ಉಪ್ಪು ಹೆಚ್ಚು ಹಾಕಿದರೂ, ಆಲ್ಕೋಹಾಲ್ ಹಾಕಿದರೂ ತಟ್ಟೆಯ ಕೋಶ ಸಾಯುತ್ತದೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಇದು ಯೂನಿಟ್ ಟೆಸ್ಟ್ ಮಾತ್ರ. ಅದೊಂದು ಪಾಸಾಯಿತು ಎಂದು ಯಾರೂ ಕೋಡನ್ನು ಪ್ರೊಡಕ್ಷನ್‌ಗೆ ಕಳಿಸುವುದಿಲ್ಲ.

ದಾಳಿಂಬೆಯ ಪಾಠ

ದಾಳಿಂಬೆಯ ಉದಾಹರಣೆ ನೋಡಿ. ಸೊಲ್ಲಾಪುರ ಇದರ ಸೀಮೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವ ಸ್ತನ ಕ್ಯಾನ್ಸರ್‌ಗಳಿವೆ. ದೇಹದಲ್ಲಿ ಈಸ್ಟ್ರೋಜನ್ ತಯಾರಿಸುವ ಕಿಣ್ವ ಅರೊಮಟೇಸ್. ಇದನ್ನು ತಡೆಯುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳನ್ನು ರೋಗಿಗಳು ಸಾಮಾನ್ಯವಾಗಿ ಐದು ವರ್ಷವಾದರೂ ನುಂಗುತ್ತಾರೆ. ದಾಳಿಂಬೆಯ ಎಲಾಜಿಟ್ಯಾನಿನ್‌ಗಳಿಂದ ಉಂಟಾಗುವ ಯುರೊಲಿಥಿನ್ ಬಿ ಎಂಬ ವಸ್ತು ಕೂಡ ಅರೊಮಟೇಸನ್ನು ತಡೆಯುತ್ತದೆ ಎಂದು 2010ರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯ ತಂಡ ತೋರಿಸಿತು. ಇದು ನಿಜವಾದ, ಆಸಕ್ತಿಕರ ಸಂಶೋಧನೆ.

ಆದರೆ ಅದೂ ನಡೆದದ್ದು ತಟ್ಟೆಯಲ್ಲೇ. ಹಣ್ಣು ತಿಂದಾಗ ಎಲಾಜಿಟ್ಯಾನಿನ್‌ಗಳು ಹಾಗೇ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಯುರೊಲಿಥಿನ್ ಆಗಿ ಬದಲಿಸಬೇಕು. ಎಲ್ಲರ ಕರುಳಿಗೂ ಆ ಕೆಲಸ ಒಂದೇ ರೀತಿ ಬರುವುದಿಲ್ಲ. ದಾಳಿಂಬೆ ರಸ ಮಾತ್ರೆಯ ಬದಲಿಯಾಗಲಾರದು ಎನ್ನುವುದು ಇದಕ್ಕೇ.

ಗಿಡದಿಂದ ಔಷಧ ಬರುವುದಿಲ್ಲವೇ?

ಖಂಡಿತ ಬರುತ್ತದೆ. ಸ್ತನ ಕ್ಯಾನ್ಸರ್‌ಗೆ ಇಂದು ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಹುಟ್ಟಿದ್ದು ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ಅದನ್ನು ಬೇರ್ಪಡಿಸಿದವರು ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ತೊಗಟೆ ಸಂಗ್ರಹಿಸಿದ್ದು 1962ರಲ್ಲಿ, ರಚನೆ ಪ್ರಕಟವಾದದ್ದು 1971ರಲ್ಲಿ. ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿದ್ದು 1992ರಲ್ಲಿ, ಸ್ತನ ಕ್ಯಾನ್ಸರ್‌ಗೆ 1994ರಲ್ಲಿ. ಔಷಧ ಕಂಪನಿಗಳು ಗಿಡಮೂಲವನ್ನು ಮುಚ್ಚಿಡುತ್ತವೆ ಎನ್ನುವವರಿಗೆ ಇದೇ ಉತ್ತರ. ಆ ಮೂರು ದಶಕ ಕಳೆದದ್ದು ಶುದ್ಧೀಕರಣ, ಪ್ರಮಾಣ ನಿಗದಿ, ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವಲ್ಲ

ಲಕ್ಷ್ಮಣಫಲದಲ್ಲಿ ಅನೊನಾಸಿನ್ ಎಂಬ ವಸ್ತುವಿದೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಈ ಹಣ್ಣು ಮತ್ತು ಎಲೆಯ ಕಷಾಯದ ಅತಿಯಾದ ಬಳಕೆಗೂ ನಂಟಿರಬಹುದು ಎಂದು 1999ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿತ್ತು. ಇನ್ನು ಗ್ರೇಪ್‌ಫ್ರೂಟ್ ಕೆಲವು ಔಷಧಗಳನ್ನು ಒಡೆಯುವ ಕಿಣ್ವವನ್ನು ತಡೆದು, ರಕ್ತದಲ್ಲಿ ಅವುಗಳ ಮಟ್ಟ ಏರಿಸುತ್ತದೆ. ಪಾಲ್ಬೊಸಿಕ್ಲಿಬ್ ತೆಗೆದುಕೊಳ್ಳುವವರು ಅದನ್ನು ತಿನ್ನಬಾರದೆಂಬ ಸೂಚನೆಯೇ ಇದೆ. ಅದರ ನೆಂಟ ಚಕ್ಕೋತದ ಬಗ್ಗೆಯೂ ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಳೆದುಹೋಗುವ ಕಾಲ. ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇರೆ ಅಂಗಗಳಿಗೆ ಹರಡದ ಸ್ತನ ಕ್ಯಾನ್ಸರ್ ಇದ್ದು ಬರೀ ಪರ್ಯಾಯ ಚಿಕಿತ್ಸೆ ನಂಬಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು. ಗ್ಲೋಬೊಕಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ತಡವಾಗಿ ಆಸ್ಪತ್ರೆಗೆ ಬರುವುದು ಇದಕ್ಕೊಂದು ದೊಡ್ಡ ಕಾರಣ.

ನಾವು ಮಾಡಬಹುದಾದದ್ದು

ಪುಣೆಯ ಆಸ್ಪತ್ರೆಯಲ್ಲಿ ಮಾತುಕತೆ ಮರಾಠಿ, ಹಿಂದಿಯಲ್ಲಿ, ಫೈಲು ಇಂಗ್ಲಿಷಿನಲ್ಲಿ. ಊರಿನಿಂದ ಬಂದ ಅಮ್ಮನಿಗೆ, ಅತ್ತೆಗೆ ದುಭಾಷಿ ನಾವೇ. ವೈದ್ಯರು "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದಾಗ ಬೈಗುಳಕ್ಕೆ ಹೆದರಿ ಅವರು "ಏನೂ ಇಲ್ಲರೀ" ಅಂದುಬಿಡುತ್ತಾರೆ. ಮನೆಯಲ್ಲೇ ಸಮಾಧಾನದಿಂದ ಕೇಳಿ ತಿಳಿದುಕೊಳ್ಳಿ; ಬಾಟಲಿ, ಪುಡಿ, ಕ್ಯಾಪ್ಸೂಲ್ ಏನೇ ಇದ್ದರೂ ವೈದ್ಯರ ಮೇಜಿನ ಮೇಲಿಡಿ. ಹಣ್ಣನ್ನು ಹಣ್ಣಾಗಿ ತಿನ್ನುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೇಳಬೇಕಾದ್ದು ಗಟ್ಟಿ ಸಾರ ಮತ್ತು ಸಪ್ಲಿಮೆಂಟ್‌ಗಳ ಬಗ್ಗೆ.

ರೋಗವಿಲ್ಲದವರಿಗೂ ಒಂದು ಮಾತು. ಸ್ತನದ ಗಂಟು ಬಹಳ ಸಲ ನೋಯುವುದಿಲ್ಲ, ಅದಕ್ಕೇ ಅಲಕ್ಷ್ಯವಾಗುತ್ತದೆ. 30 ವರ್ಷ ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ಕಾರ್ಯಕ್ರಮವಿದೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ, ಅಕ್ಕನಿಗೆ ಇದನ್ನು ಹೇಳಿ. ಫಾರ್ವರ್ಡ್ ಮಾಡಬೇಕಾದ ಸಂದೇಶ ಇದು.