ನಾಲ್ವರು ಕಲಾವಿದರು, ನೂರು ಪಾತ್ರಗಳು

ನಾಟಕವಾಡುವ ಮಾತು ಬಂದಾಗ ಗಡಿನಾಡಿನ ನಮ್ಮ ಸಂಘಗಳಲ್ಲಿ ಮೊದಲು ಕೇಳಿಬರುವುದು ಕೊರತೆಗಳ ಪಟ್ಟಿ. ಪಾತ್ರಧಾರಿಗಳು ಸಾಲರು, ಪರದೆಗಳಿಲ್ಲ, ದೀಪಗಳಿಲ್ಲ, ಕನ್ನಡ ಬಲ್ಲ ಮಕ್ಕಳು ಸಿಕ್ಕುವುದೇ ಕಷ್ಟ. ಇವೆಲ್ಲವೂ ನಿಜವೇ. ಆದರೆ ಇಂಥ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಸಾಹಸ ನಾಟಕವೊಂದನ್ನು ಕುಟುಂಬ ಸಮೇತರಾಗಿ ನೋಡುವ ಯೋಗ 2014ರ ಬೇಸಗೆಯಲ್ಲಿ ನಮಗೆ ಒದಗಿತ್ತು. ಅದರ ವಿಚಾರವನ್ನು ವಾಚಕರಿಗೆ ತಿಳಿಸಬೇಕೆಂದು ಈ ಲೇಖನ.

ಕಾಸರಗೋಡಿನಿಂದ ಲಂಡನ್ನಿನ ಮಗಳ ಮನೆಗೆ ಹೋಗಿದ್ದ ನಮ್ಮಿಬ್ಬರನ್ನು ಅಳಿಯಂದಿರು ಪಿಕಡಿಲಿ ಸರ್ಕಸ್ ಎಂಬಲ್ಲಿನ ಕ್ರೈಟೀರಿಯನ್ ನಾಟಕಶಾಲೆಗೆ ಕರೆದೊಯ್ದರು. ಮಗಳೂ ಒಂಬತ್ತು ವರ್ಷದ ಮೊಮ್ಮಗನೂ ಜೊತೆಗಿದ್ದರು. 1874ರಲ್ಲಿ ಆರಂಭವಾದ ಈ ನಾಟಕಶಾಲೆಯ ರಂಗಸ್ಥಳವೂ ಪ್ರೇಕ್ಷಕರ ಆಸನಗಳೂ ಇರುವುದು ನೆಲಮಟ್ಟದಿಂದ ಕೆಳಗೆ. ಬೀದಿಯಿಂದ ಮೆಟ್ಟಿಲಿಳಿಯುತ್ತ ಹೋದಂತೆ ವಾಹನಗಳ ಗದ್ದಲ ಮರೆತೇಹೋಗುತ್ತದೆ.

ನಾಟಕದ ಹೆಸರು 'ದಿ ಥರ್ಟಿನೈನ್ ಸ್ಟೆಪ್ಸ್'. ಜಾನ್ ಬಕನ್ 1915ರಲ್ಲಿ ಪ್ರಕಟಿಸಿದ ಕಾದಂಬರಿಯೂ ಅದನ್ನಾಧರಿಸಿ ಆಲ್ಫ್ರೆಡ್ ಹಿಚ್‌ಕಾಕ್ 1935ರಲ್ಲಿ ತೆಗೆದ ಚಲನಚಿತ್ರವೂ ಇದಕ್ಕೆ ಮೂಲ. ರಿಚರ್ಡ್ ಹ್ಯಾನೆ ಎಂಬಾತನ ಮನೆಯಲ್ಲಿ ಅಪರಿಚಿತ ಹೆಂಗಸೊಬ್ಬಳು ಇರಿತಕ್ಕೆ ಸಿಕ್ಕಿ ಸಾಯುತ್ತಾಳೆ. ಕೊಲೆಯ ಆರೋಪ ಹೊತ್ತ ಹ್ಯಾನೆ ಪೊಲೀಸರಿಂದಲೂ ಗೂಢಚಾರರಿಂದಲೂ ತಪ್ಪಿಸಿಕೊಳ್ಳುತ್ತ ಸ್ಕಾಟ್ಲೆಂಡಿನವರೆಗೆ ಓಡುತ್ತಾನೆ. ರೈಲಿನ ಮಾಡು, ಫೋರ್ತ್ ಸೇತುವೆ, ವಿಮಾನದ ಬೆನ್ನಟ್ಟುವಿಕೆ, ಎಲ್ಲವೂ ಕಥೆಯಲ್ಲಿವೆ.

ಇಷ್ಟನ್ನೂ ನಡೆಸಿಕೊಡುವವರು ನಾಲ್ವರೇ! ನಾಯಕ ಒಬ್ಬ; ಮೂವರು ಹೆಂಗಸರ ಪಾತ್ರಗಳಿಗೆ ಒಬ್ಬಳೇ ನಟಿ; ಉಳಿದ ನೂರಕ್ಕೂ ಮಿಕ್ಕ ಪಾತ್ರಗಳಿಗೆ ಇಬ್ಬರು ಹಾಸ್ಯ ನಟರು. ಟೋಪಿ ಬದಲಾದೊಡನೆ ಅದೇ ಮನುಷ್ಯ ಪೊಲೀಸನಾಗುತ್ತಾನೆ, ಪತ್ರಿಕೆ ಮಾರುವ ಹುಡುಗನಾಗುತ್ತಾನೆ. ಕೆಲವು ಪೆಟ್ಟಿಗೆಗಳನ್ನು ಜೋಡಿಸಿದರೆ ರೈಲು. ಗಾಳಿ ಬೀಸುತ್ತಿದೆಯೆಂದು ತೋರಿಸಲು ನಟರು ತಮ್ಮ ಕೋಟಿನ ಅಂಚನ್ನು ತಾವೇ ಪಟಪಟನೆ ಬಡಿಯುತ್ತಾರೆ. ಬರಿಯ ಕಿಟಕಿಯ ಚೌಕಟ್ಟನ್ನು ಕೈಯಲ್ಲಿ ಹಿಡಿದು, ಅದರೊಳಗಿಂದ ನುಸುಳಿ 'ಮನೆಯಿಂದ' ಪಾರಾಗುತ್ತಾರೆ. ವಿಮಾನ ಬರುವುದು ನೆರಳು ಬೊಂಬೆಯಾಗಿ. ಸುಳ್ಳೆಂದು ಎಲ್ಲರಿಗೂ ಗೊತ್ತಿದ್ದರೂ ನಾಯಕ ರೈಲಿನ ಮಾಡಿನ ಮೇಲೆ ತೂಗಾಡುವಾಗ ಮೊಮ್ಮಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಈ ನಾಟಕ ಹುಟ್ಟಿದ್ದು ದೊಡ್ಡ ಪಟ್ಟಣದ ದೊಡ್ಡ ರಂಗಮಂದಿರದಲ್ಲಲ್ಲ. ಸೈಮನ್ ಕೋರ್ಬಲ್ ಮತ್ತು ನೋಬಿ ಡೈಮನ್ ಎಂಬವರು ಈ ಕಥೆಯನ್ನು ನಾಲ್ವರಿಗಾಗಿ ರೂಪಿಸಿ 1996ರಲ್ಲಿ ಉತ್ತರ ಇಂಗ್ಲೆಂಡಿನ ರಿಚ್ಮಂಡ್ ಎಂಬ ಊರಿನಲ್ಲಿ ಆಡಿದಾಗ ಪ್ರೇಕ್ಷಕರು ತೊಂಬತ್ತು ಮಂದಿ. ಅನಂತರ ಹಳ್ಳಿಗಳ ಸಭಾಭವನಗಳಲ್ಲಿ ಸಂಚರಿಸಿತು. ಪ್ಯಾಟ್ರಿಕ್ ಬಾರ್ಲೊ ಅದನ್ನು ಹೊಸದಾಗಿ ಬರೆದುದು 2005ರಲ್ಲಿ. 2006ರಿಂದ 2015ರವರೆಗೆ, ಒಂಬತ್ತು ವರ್ಷ, ಕ್ರೈಟೀರಿಯನ್ ನಾಟಕಶಾಲೆಯಲ್ಲಿ ನಡೆಯಿತು. 2007ರಲ್ಲಿ ಅತ್ಯುತ್ತಮ ಹೊಸ ಹಾಸ್ಯನಾಟಕವೆಂದು ಆಲಿವಿಯರ್ ಪ್ರಶಸ್ತಿಯನ್ನೂ ಪಡೆಯಿತು.

ಕಾಸರಗೋಡಿನವರಿಗೆ ಈ ಜಾಣ್ಮೆ ಹೊಸದೆನಿಸಲಾರದು. ಬಯಲಾಟದಲ್ಲಿ ಮರದ ಪೀಠವೊಂದೇ ಸಿಂಹಾಸನವೂ ಹೌದು, ರಥವೂ ಹೌದು. ಇಬ್ಬರು ಹಿಡಿದ ತೆರೆಯ ಹಿಂದೆ ಸ್ವರ್ಗಲೋಕವೇ ಅಡಗಿರುತ್ತದೆ. ಹಾಸ್ಯಗಾರನೊಬ್ಬನೇ ಒಂದು ರಾತ್ರಿಯಲ್ಲಿ ದೂತನೂ ಆಗುತ್ತಾನೆ, ಬ್ರಾಹ್ಮಣನೂ ಆಗುತ್ತಾನೆ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಂದಲೇ ಬರಿಯ ಮಾತಿನಿಂದ ಕುರುಕ್ಷೇತ್ರವನ್ನು ಕಣ್ಣೆದುರು ತಂದು ನಿಲ್ಲಿಸುತ್ತಾರೆ. ರಂಗದ ಮೇಲೆ ಇಲ್ಲದ್ದನ್ನು ತುಂಬಿಕೊಡುವವರು ಪ್ರೇಕ್ಷಕರು. ಎಲ್ಲವನ್ನೂ ತೋರಿಸಿಬಿಡುವ ಪರದೆಯ ಮುಂದೆ ಮಗು ಸುಮ್ಮನೆ ಕುಳಿತಿರುತ್ತದೆ. ಅರ್ಧವನ್ನೇ ತೋರಿಸುವ ರಂಗದ ಮುಂದೆ ಮಗುವೂ ನಟನೇ.

ಇದಕ್ಕೆ ಪುರಾವೆ ಮರುದಿನವೇ ದೊರೆಯಿತು. ಮಗಳ ಮನೆಯ ನಾಲ್ಕು ಕುರ್ಚಿಗಳು ರೈಲಾದವು. ನಮ್ಮ ಯಜಮಾನರು ತಲೆಗೆ ಟೋಪಿಯಿಟ್ಟು, "ಟಿಕೇಟು ತೋರಿಸಿ ಸ್ವಾಮೀ" ಎಂದು ಗದರಿಸಿದರು. ಕನ್ನಡದಲ್ಲಿ ಮಾತಾಡೆಂದು ವರ್ಷಗಟ್ಟಲೆ ದೂರವಾಣಿಯಲ್ಲಿ ಕೇಳಿಕೊಂಡರೂ ಎರಡು ಶಬ್ದಕ್ಕೆ ಮಿಗಿಲಾಗಿ ಆಡದ ಹುಡುಗ, "ಟಿಕೇಟು ಕಳ್ಳ ತೆಗೆದುಕೊಂಡು ಹೋದ, ಸ್ವಾಮೀ" ಎಂದುಬಿಟ್ಟ! ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಉಪದೇಶದಿಂದ ಹೊರಡದ ನುಡಿ ಆಟದಿಂದ ಹೊರಟಿತ್ತು.

ಆದುದರಿಂದ ಸಂಘಗಳ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ವಾರ್ಷಿಕೋತ್ಸವಕ್ಕೆ ಕನ್ನಡ ಬಲ್ಲ ಮಕ್ಕಳು ನಾಲ್ವರೇ ದೊರೆತರೆ ನಾಟಕವನ್ನು ಕೈಬಿಡಬೇಡಿ; ನಾಲ್ವರಿಗೆಂದೇ ನಾಟಕವನ್ನು ಹೆಣೆಯಿರಿ. ನಾಲ್ಕು ಪೆಟ್ಟಿಗೆ, ಹತ್ತು ಟೋಪಿ, ಒಂದು ಬಿಳಿಯ ಪಂಚೆ, ಅದರ ಹಿಂದೊಂದು ದೀಪ. ತಾಯಿತಂದೆಯರನ್ನೂ ಅಜ್ಜ ಅಜ್ಜಿಯರನ್ನೂ ಮುಂದೆ ಕುಳ್ಳಿರಿಸಿರಿ. ಉಳಿದುದನ್ನು ಅವರ ಕಣ್ಣುಗಳೇ ಪೂರೈಸುತ್ತವೆ.