ಗಂಡಿಪೇಟೆಗೆ ಬಂದ ಕಪ್ಪು ಹಂಸ

ಹೈದರಾಬಾದಿನಲ್ಲಿ ನಾಲ್ಕು ಮನೆಯ ಕನ್ನಡಿಗರು ಒಂದು ಕಡೆ ಸೇರಿದರೆ ಮೊದಲು ಬುತ್ತಿಯ ಮಾತು, ಆಮೇಲೆ ಊರಿನ ಮಾತು, ಕೊನೆಗೆ ಮುಂದಿನ ಸಮಾರಂಭ ಯಾರ ಮನೆಯಲ್ಲಿ ಎಂಬ ಮಾತು. ಕಾಚಿಗುಡ, ಬರ್ಕತ್‌ಪುರ, ಚಿಕ್ಕಡಪಲ್ಲಿಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗದವರು ಎರಡು ಮೂರು ತಿಂಗಳಿಗೊಮ್ಮೆ ಭಾನುವಾರ ನೋಡಿಕೊಂಡು ಹೊರಗೆ ಹೊರಡುವುದುಂಟು. ಒಮ್ಮೆ ಗೋಲ್ಕೊಂಡ, ಒಮ್ಮೆ ಮೀರ್ ಆಲಂ ಕೆರೆಯ ಪಕ್ಕದ ನೆಹರೂ ಮೃಗಾಲಯ, ಏನೂ ತೋಚದಿದ್ದರೆ ಗಂಡಿಪೇಟೆ. ಈ ಸಲ ಏನೂ ತೋಚಿರಲಿಲ್ಲ.

ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಟ್ಟು ಹೋಗಲಾರ ಎಂದು ಇಲ್ಲಿಯವರ ಮಾತು. ನಮ್ಮ ಗುಂಪನ್ನು ನೋಡಿದರೆ ಅದು ನಿಜವೆಂದೇ ತೋರುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ರಾಯರು ಮೂರು ವರ್ಷಕ್ಕೆಂದು ವರ್ಗವಾಗಿ ಬಂದವರು ಮೂವತ್ತು ವರ್ಷ ಕಳೆದರು. ಮೈಸೂರಿನ ಮೇಷ್ಟರು ಮಗಳ ಮನೆಗೆ ಬಂದವರು ಇಲ್ಲಿಯೇ ನಿಂತರು. ಕಲಬುರಗಿಯ ಗೌಡರು ನೀರಾವರಿಯ ಕೆಲಸದಲ್ಲಿದ್ದವರು. ಯಾವ ಕೆರೆ ಕಂಡರೂ ಕೋಡಿ ಎಲ್ಲಿದೆ ಎಂದು ಹುಡುಕುವ ಚಾಳಿ ಅವರಿಗೆ ಇನ್ನೂ ಹೋಗಿಲ್ಲ. ನಾನು ರಾಯಚೂರಿನವನು, ಸರಕಾರಿ ಕಚೇರಿಯ ಗುಮಾಸ್ತ. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಚಾಪೆ ಹೊರುವ ಕೆಲಸ ನನ್ನದು.

ಮರದ ನೆರಳಿನಲ್ಲಿ ಚಾಪೆ ಹಾಸಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಪಕ್ಕದಲ್ಲಿ ಮೇಷ್ಟರ ಮನೆಯ ಪುಳಿಯೋಗರೆಯನ್ನೂ ಇಟ್ಟು ಕೂತಿದ್ದೆವು. ಎಂಟು ವರ್ಷದ ನನ್ನ ಮಗಳು ತನ್ನ ಚಿತ್ರದ ಪುಸ್ತಕ ತೆಗೆದು ರಾಯರ ಮುಂದೆ ಹಿಡಿದಳು. ದಸರಾ ರಜೆಯಲ್ಲಿ ಕಾಚಿಗುಡದಲ್ಲಿ ಸಂಜೆಯ ರೈಲು ಹತ್ತಿ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಅರಮನೆ, ದೀಪ, ಚಾಮುಂಡಿ ಬೆಟ್ಟ ಎಲ್ಲ ತೋರಿಸಿದೆವು. ಅವಳ ಮನಸ್ಸಿನಲ್ಲಿ ನಿಂತದ್ದು ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಮೃಗಾಲಯದ ಒಂದು ಹಕ್ಕಿ.

ರಾಯರು ಕನ್ನಡಕ ಏರಿಸಿ ನೋಡಿದರು. “ಚೆನ್ನಾಗಿದೆ ಪುಟ್ಟಿ. ಆದರೆ ಕಾಗೆಯ ಕತ್ತು ಸ್ವಲ್ಪ ಉದ್ದವಾಯಿತು.”

“ಅದು ಕಾಗೆ ಅಲ್ಲ ಅಜ್ಜಾ, ಹಂಸ!”

“ಹಂಸ ಎಲ್ಲಾದರೂ ಕಪ್ಪಗಿರುತ್ತದೆಯೇ? ಹಾಲಿನಂತೆ ಬೆಳ್ಳಗಿರಬೇಕು. ಹಾಲನ್ನೂ ನೀರನ್ನೂ ಬೇರೆ ಮಾಡುವ ಹಕ್ಕಿ ಅದು.”

ಮಗಳ ಮುಖ ಕೆಂಪಾಯಿತು. ಮೇಷ್ಟರು ಅವಳ ನೆರವಿಗೆ ಬಂದರು. “ಸ್ವಾಮೀ, ಆ ಮಗು ಕಣ್ಣಾರೆ ಕಂಡದ್ದನ್ನು ಬರೆದಿದೆ. ನೀವು ಪುರಾಣದಲ್ಲಿ ಕಂಡದ್ದನ್ನು ಹೇಳುತ್ತಿದ್ದೀರಿ. ಕಪ್ಪು ಹಂಸದ ತವರು ಆಸ್ಟ್ರೇಲಿಯ. ಮೈ ಕಪ್ಪು, ಕೊಕ್ಕು ಕೆಂಪು, ಕೊಕ್ಕಿನ ತುದಿಯ ಹತ್ತಿರ ಒಂದು ಬಿಳಿಯ ಪಟ್ಟೆ. ನೀರಿನ ಮೇಲೆ ತೇಲುವಾಗ ಪೂರ್ತಿ ಕಪ್ಪಗೆ ಕಂಡರೂ ರೆಕ್ಕೆ ಬಿಚ್ಚಿ ಹಾರುವಾಗ ಅಂಚಿನ ಗರಿಗಳು ಬೆಳ್ಳಗೆ ಕಾಣುತ್ತವೆ. ಮರಿಗಳು ಬೂದು ಬಣ್ಣ. ಗಂಡೂ ಹೆಣ್ಣೂ ಸರದಿಯ ಮೇಲೆ ಮೊಟ್ಟೆಗೆ ಕಾವು ಕೊಡುತ್ತವೆ.”

“ಗಂಡೂ ಕೂಡಲೇ?” ಎಂದು ರಾಯರ ಮನೆಯವರು ಕೇಳಿದ ಧಾಟಿಗೆ ರಾಯರು ರೊಟ್ಟಿಯ ಕಡೆ ಗಮನ ಹರಿಸಿದರು.

ಮೇಷ್ಟರಿಗೆ ಇಷ್ಟು ಸಾಕಾಯಿತು. ಶಾಲೆಯ ಗಂಟೆ ಹೊಡೆಯುವವರೆಗೆ ನಿಲ್ಲುವವರಲ್ಲ. ಸುಮಾರು 1900 ವರ್ಷಗಳ ಹಿಂದೆ ರೋಮಿನಲ್ಲಿ ಜುವೆನಲ್ ಎಂಬ ವಿಡಂಬನಕಾರನಿದ್ದನಂತೆ. ಸರ್ವಗುಣ ಸಂಪನ್ನೆಯಾದ ಹೆಂಡತಿ ಕಪ್ಪು ಹಂಸದಷ್ಟು ಅಪರೂಪ ಎಂದು ಅವನು ಹಾಸ್ಯ ಮಾಡಿದ. ಅಂದಿನಿಂದ ಯುರೋಪಿನವರಿಗೆ ಕಪ್ಪು ಹಂಸವೆಂದರೆ ನಮ್ಮ ಮೊಲದ ಕೊಂಬು, ಆಕಾಶದ ಹೂವು ಇದ್ದಹಾಗೆ. ಇಲ್ಲದ ವಸ್ತುವಿನ ಹೆಸರು.

“ಗಂಡನ ವಿಷಯ ಏನು ಹೇಳಿದ್ದಾನೆ ಆ ಮಹಾನುಭಾವ?” ಎಂದರು ಮೇಷ್ಟರ ಹೆಂಡತಿ.

“ಅದನ್ನು ಬರೆಯುವಷ್ಟು ಧೈರ್ಯ ಅವನಿಗಿರಲಿಲ್ಲ” ಎಂದು ಮೇಷ್ಟರು ಜಾಣತನದಿಂದ ಮುಂದಕ್ಕೆ ಜಾರಿದರು. 1697ರ ಜನವರಿಯಲ್ಲಿ ವಿಲ್ಲೆಮ್ ಡ ಫ್ಲಾಮಿಂಗ್ ಎಂಬ ಡಚ್ ನಾವಿಕ ಪಶ್ಚಿಮ ಆಸ್ಟ್ರೇಲಿಯದ ಒಂದು ನದಿಯಲ್ಲಿ ದೋಣಿ ನಡೆಸಿಕೊಂಡು ಹೋದಾಗ ಆ ಇಲ್ಲದ ಹಕ್ಕಿಗಳು ನೀರಿನ ತುಂಬ ತೇಲುತ್ತಿದ್ದವು. ನದಿಗೆ ಹಂಸನದಿ ಎಂದೇ ಹೆಸರಿಟ್ಟರು. ಸಾವಿರದೈನೂರು ವರ್ಷಕ್ಕೂ ಮೀರಿ ನಡೆದುಬಂದ ಉಪಮಾನ ಒಂದೇ ಬೆಳಿಗ್ಗೆ ಮುಳುಗಿತು.

“ಆದರೆ ಒಂದು ಮಾತು ನೆನಪಿಡಿ” ಎಂದರು ಮೇಷ್ಟರು. “ಆ ನದಿಯ ದಡದಲ್ಲಿ ನೂಂಗಾರ್ ಎಂಬ ಮೂಲ ನಿವಾಸಿಗಳಿದ್ದರು, ಈಗಲೂ ಇದ್ದಾರೆ. ಅವರಿಗೆ ಅದು ಮನೆಯ ಮುಂದಿನ ಹಕ್ಕಿ. ಮಾಲಿ ಎಂದು ಅದಕ್ಕೆ ಹೆಸರು. ಆಶ್ಚರ್ಯವೆಲ್ಲ ದೂರದಿಂದ ಬಂದವನದು.”

ಈಗ ರಾಯರ ಸರದಿ. ಕಪ್ಪು ಹಂಸದ ಇನ್ನೊಂದು ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. 2007ರಲ್ಲಿ ನಸೀಮ್ ನಿಕೊಲಸ್ ತಾಲೆಬ್ ಎಂಬವರು ‘ದಿ ಬ್ಲ್ಯಾಕ್ ಸ್ವಾನ್’ ಎಂದು ಪುಸ್ತಕ ಬರೆದ ಮೇಲೆ, ಯಾರೂ ಎಣಿಸದೆ ಬಂದೆರಗಿ ಎಲ್ಲವನ್ನೂ ಬುಡಮೇಲು ಮಾಡುವ ಘಟನೆಗೆ ಹಣಕಾಸಿನವರು ಈ ಹೆಸರು ಹಿಡಿದಿದ್ದಾರೆ. “2008ರಲ್ಲಿ ಷೇರು ಪೇಟೆ ಕುಸಿದದ್ದು ಕಪ್ಪು ಹಂಸ. 2020ರ ಕೊರೋನಾ ಕಪ್ಪು ಹಂಸ. ಯಾರೇನು ಮಾಡಲಾಗುತ್ತಿತ್ತು? ಯಾರಿಗೆ ಗೊತ್ತಿತ್ತು?” ಎಂದು ಕೈಚೆಲ್ಲಿದರು.

“ಪುಸ್ತಕ ಬರೆದವರೇ ನಿಮ್ಮ ಮಾತು ಒಪ್ಪುವುದಿಲ್ಲ” ಎಂದರು ಮೇಷ್ಟರು. “ಅಂಥ ಸಾಂಕ್ರಾಮಿಕ ಒಂದಲ್ಲ ಒಂದು ದಿನ ಬಂದೇ ಬರುತ್ತದೆಂದು ತಿಳಿದಿತ್ತು, ಇದು ಬಿಳಿ ಹಂಸ ಎಂದು ಅವರು 2020ರಲ್ಲಿಯೇ ಹೇಳಿದರು.”

ಅಷ್ಟರವರೆಗೆ ನೀರಿನ ಕಡೆ ಮುಖ ಮಾಡಿ ಕೂತಿದ್ದ ಗೌಡರು ತಿರುಗಿದರು. “ಅಲ್ರೀ ರಾಯರ, ಈ ಕೆರಿ ಯಾಕ ಕಟ್ಯಾರ ಗೊತ್ತದ ಏನ್ರಿ?”

ಕುಡಿಯುವ ನೀರಿಗೆ ಎಂದೆ ನಾನು. ಅದು ಆಮೇಲಿನ ಮಾತು ಎಂದು ಗೌಡರು ಶುರುಮಾಡಿದರು. ಅವರ ಮಾತನ್ನು ಹಾಗೆಯೇ ಬರೆಯುವ ಶಕ್ತಿ ನನಗಿಲ್ಲ, ಸಾರಾಂಶ ಕೊಡುತ್ತೇನೆ.

1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿ ಹೈದರಾಬಾದಿನ ಸೇತುವೆಗಳ ಮೇಲೆ ಹರಿಯಿತು. ನಗರದಲ್ಲಿ ಸುಮಾರು 15,000 ಜನ ಸತ್ತರೆಂದು ಅಂದಾಜು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆ ಮರ ಹತ್ತಿ ಕೂತ 150ರಷ್ಟು ಜನ ಬದುಕಿಕೊಂಡರು. ಮರುವರ್ಷ ನಿಜಾಮರ ಸರಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದವರು 1909ರಲ್ಲಿ ಇಲ್ಲಿಗೆ ಬಂದರು. ಬಂದವರು ಮೊದಲು ಲೆಕ್ಕ ಕೂಡಿಸಿದರು. ಎಲ್ಲಿ ಎಷ್ಟು ಮಳೆ ಬಿತ್ತು, ನೀರು ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ ಬಂತು. ಶಂಶಾಬಾದಿನಲ್ಲಿ 24 ಗಂಟೆಗೆ 12.8 ಅಂಗುಲ ಮಳೆ. ನದಿಯ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಒಂದರ ಹಿಂದೊಂದು ಒಡೆದಿದ್ದವು. ನಗರದ ಮೇಲೆ ಬಂದದ್ದು ಮಳೆಯ ನೀರಿನ ಜೊತೆಗೆ ಆ ಕೆರೆಗಳ ನೀರು. ಮೂಸಿ 1903ರಲ್ಲೂ ಉಕ್ಕಿತ್ತು. ಹೊಳೆಯ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ಹಿಡಿಯುವ ಜಲಾಶಯಗಳನ್ನು ಕಟ್ಟಬೇಕೆಂದು ವಿಶ್ವೇಶ್ವರಯ್ಯನವರು ವರದಿ ಕೊಟ್ಟು, ಅದೇ ವರ್ಷ ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆಗೆ ಹೋದರು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ ಮುಗಿಯಿತು. ಅದೇ ಈ ಗಂಡಿಪೇಟೆ. 1927ರಲ್ಲಿ ಈಸಿ ಹೊಳೆಗೆ ಹಿಮಾಯತ್ ಸಾಗರ.

“ಜನಾ ಎಲ್ಲಾ ದೇವರ ಕೋಪ ಅಂದ್ರು. ಇವರು ಕೆರಿ ಎಣಿಸಿದ್ರು. ಎಷ್ಟ ಕೆರಿ, ಎಷ್ಟ ಒಡದಾವ ಅಂತ. ಯಾರಿಗೂ ಗೊತ್ತಿರ್ಲಿಲ್ಲ ಅನ್ನೂಕಿಂತ ಮೊದ್ಲ, ಯಾರನ್ನ ಕೇಳಿದ್ದಿ ಅಂತ ಕೇಳ್ಕೋಬೇಕ್ರಿ” ಎಂದರು ಗೌಡರು.

ಆ ಮಾತು ರಾಯರಿಗೆ ಹೇಳಿದ್ದು. ತಗುಲಿದ್ದು ನನಗೆ.

2020ರ ಮೇ ತಿಂಗಳಲ್ಲಿ ನಮ್ಮ ತಂದೆಯವರಿಗೆ ಅರವತ್ತು ತುಂಬುವುದಿತ್ತು. ಷಷ್ಟ್ಯಬ್ದಿ ಶಾಂತಿಗೆ ರಾಯಚೂರಿನಲ್ಲಿ ಕಲ್ಯಾಣ ಮಂಟಪ ಗೊತ್ತುಮಾಡಿ ಮುಂಗಡ ಕೊಟ್ಟಿದ್ದೆ. ಇನ್ನೂರು ಎಲೆಯ ಊಟ, ತಂದೆತಾಯಿಗೆ ಮತ್ತೆ ಹಾರ ಬದಲಾಯಿಸುವ ಸಂಭ್ರಮ, ಅಕ್ಕನಿಗೆ ಸೀರೆ ಎಲ್ಲ ಬರೆದಿಟ್ಟ ಪಟ್ಟಿ ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಅದು ಯಾರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ದೀಪಾವಳಿಯ ಹೊತ್ತಿಗೆ ಬಸ್ಸು ರೈಲು ನಡೆಯುತ್ತಿದ್ದವು. ಊರಿಗೆ ಹೋದಾಗ ಅವ್ವ ಅಡುಗೆಮನೆಗೆ ಕರೆದು ಹೇಳಿದಳು: “ನಾಕ ಮಂದಿ ಸಾಕಪ್ಪಾ, ಮನ್ಯಾಗ ಮಾಡಿಬಿಡೋಣ. ನಿಮ್ಮಪ್ಪಗ ಮೊದ್ಲಿನ ಕಸುವು ಇಲ್ಲ. ಮೆಟ್ಟಲಾ ಹತ್ತೂದರಾಗ ನಿಂದರ್ತಾರ.” ಇನ್ನೂರು ಜನಕ್ಕೆ ಹೇಳಿಟ್ಟು ನಾಲ್ಕು ಜನಕ್ಕೆ ಬಡಿಸುವುದೇ ಎಂದು ನನಗೆ ಅಭಿಮಾನ. ಬರುವ ಬೇಸಗೆಗೆ ಎಲ್ಲ ಸರಿಹೋಗುತ್ತದೆ, ಜೋರಾಗಿ ಮಾಡೋಣ ಎಂದೆ. ಅವ್ವ ಮತ್ತೆ ಕೇಳಲಿಲ್ಲ.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ತಂದೆಯವರು ತೀರಿಕೊಂಡರು. ಯಾರಿಗೆ ಗೊತ್ತಿತ್ತು ಎಂದು ಬಂದವರೆಲ್ಲ ಹೇಳಿದರು. ನಾನೂ ಐದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ರೋಗ ಬರುವುದು ಅವ್ವನಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಲ್ಲುವುದು ಗೊತ್ತಿತ್ತು, ಹೇಳಿದ್ದಳು.

ಇದನ್ನು ಎಂದೂ ಯಾರ ಮುಂದೂ ಆಡಿದವನಲ್ಲ. ಅಂದು ಚಾಪೆಯ ಮೇಲೆ ಕೂತು ಹೇಗೋ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಾಯರ ಮನೆಯವರು ನನ್ನ ಎಲೆಗೆ ಕೇಳದೆಯೇ ಮೊಸರನ್ನ ಬಡಿಸಿದರು. ಮಗಳು ಮಾತ್ರ, ಇದರ ಪರಿವೆಯಿಲ್ಲದೆ, ಹಂಸದ ರೆಕ್ಕೆಯ ಅಂಚನ್ನು ರಬ್ಬರಿನಿಂದ ಉಜ್ಜಿ ಬಿಳಿ ಮಾಡುತ್ತಿದ್ದಳು. ಮೇಷ್ಟರ ಪಾಠದ ಪ್ರಕಾರ ಅದು ಈಗ ಹಾರಬೇಕಾಗಿತ್ತು.

ಹೊರಡುವಾಗ ರಾಯರು ನನ್ನ ಪಕ್ಕದಲ್ಲಿ ಚಾಪೆಯ ಒಂದು ತುದಿ ಹಿಡಿದರು. ಹಿಂದೆಂದೂ ಹಿಡಿದವರಲ್ಲ. ಅವರ ತಾಯಿಗೆ ಎಂಬತ್ತೊಂದು. ಸಹಸ್ರಚಂದ್ರ ದರ್ಶನ ಶಾಂತಿ ಮಾಡಬೇಕೆಂದು ಒಂದು ವರ್ಷದಿಂದ ಮಾತು ನಡೆದಿದೆ. ಅಮೆರಿಕದಲ್ಲಿರುವ ತಮ್ಮನಿಗೆ ರಜೆ ಸಿಕ್ಕಲಿ, ದೊಡ್ಡ ಸಭಾಂಗಣ ಸಿಕ್ಕಲಿ ಎಂದು ಮುಂದಕ್ಕೆ ಹೋಗುತ್ತಲೇ ಇದೆ. ಇದು ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ಅಂದು ಅವರು ಅದನ್ನು ಎತ್ತಲಿಲ್ಲ. ಚಾಪೆ ಕಾರಿನಲ್ಲಿಟ್ಟು, “ನಿಮ್ಮ ತಾಯಿ ಈಗ ಯಾರ ಹತ್ತಿರ ಇದ್ದಾರೆ?” ಎಂದು ಕೇಳಿದರು. ನಮ್ಮಲ್ಲಿಯೇ ಎಂದೆ.

ರಾತ್ರಿ ಒಂಬತ್ತಕ್ಕೆ ಫೋನು ಬಂತು. “ಪುರೋಹಿತರನ್ನು ಕೇಳಿದೆ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ದಿನ ಚೆನ್ನಾಗಿದೆಯಂತೆ. ನಮ್ಮ ಮನೆಯಲ್ಲಿಯೇ ಮಾಡುತ್ತೇವೆ, ನಲವತ್ತು ಜನ. ತಮ್ಮ ಫೋನಿನಲ್ಲಿ ನೋಡುತ್ತಾನೆ. ಹೋಳಿಗೆ ಗೌಡರ ಮನೆಯವರು ಒಪ್ಪಿಕೊಂಡರು. ನಿಮ್ಮ ತಾಯಿಯವರನ್ನು ಕರೆದುಕೊಂಡು ಬೆಳಿಗ್ಗೆ ಎಂಟಕ್ಕೇ ಬನ್ನಿ. ಮತ್ತೆ, ಕುರ್ಚಿ ಸಾಲದು, ನಿಮ್ಮಲ್ಲಿ ಎಷ್ಟಿವೆ?”

ಆರಿವೆ ಎಂದೆ.

“ಅವನ್ನೂ ತನ್ನಿ. ಆ ಚಾಪೆಯನ್ನೂ.”